ಚಿಕಿತ್ಸಾ ಮನಶ್ಶಾಸ್ತ್ರದ ವೃತ್ತಿ ಮತ್ತು ಮೈಸೂರು ಜಿಲ್ಲೆಯ ನಾಲ್ಕು ತಾಲ್ಲೂಕುಗಳು

ಮನಸ್ಸಿನ ವ್ಯಾಧಿಗೆ ಮದ್ದನ್ನು ಅರಸುವುದು ಮನುಷ್ಯಕುಲದಷ್ಟೇ ಹಳೆಯ ಪ್ರಯತ್ನ. ಆದರೆ ಆ ಕಾರ್ಯಕ್ಕೆಂದೇ ಶಾಸ್ತ್ರೀಯ ಶಿಕ್ಷಣ ಪಡೆದು, ಅದನ್ನೇ ವೃತ್ತಿಯಾಗಿ ಕೈಕೊಂಡವರು ಕಾಣಿಸಿಕೊಂಡುದು ತೀರ ಈಚೆಗೆ. ನಮ್ಮ ನಾಡಿನಲ್ಲಿ ಈ ವೃತ್ತಿಯ ಮೂಲವನ್ನು ಹುಡುಕುವವರಿಗೆ ಎರಡು ಬೇರೆ ಬೇರೆ ಒರತೆಗಳು ಗೋಚರಿಸುತ್ತವೆ. ಒಂದು ಮೈಸೂರಿನ ಮಹಾರಾಜಾ ಕಾಲೇಜಿನ ಪ್ರಯೋಗಶಾಲೆ. ಇನ್ನೊಂದು ಬೆಂಗಳೂರಿನ ಮಾನಸಿಕ ಆಸ್ಪತ್ರೆ. ಇವೆರಡೂ ಹೇಗೆ ಕೂಡಿಕೊಂಡುವು, ಕೂಡಿದ ಪ್ರವಾಹವು ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ ಎಂಬ ನಾಲ್ಕು ತಾಲ್ಲೂಕುಗಳನ್ನು ಎಷ್ಟರ ಮಟ್ಟಿಗೆ ಮುಟ್ಟಿತು ಎಂಬುದನ್ನು ವಿಚಾರಿಸುವುದು ಈ ಲೇಖನದ ಉದ್ದೇಶ.

ಮೊದಲನೆಯ ಒರತೆ ವಿಶ್ವವಿದ್ಯಾನಿಲಯದ್ದು. 1916ರಲ್ಲಿ ಸ್ಥಾಪಿತವಾದ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಮನಶ್ಶಾಸ್ತ್ರವು ಸ್ವತಂತ್ರ ವಿಭಾಗವಾಗಿ ನೆಲೆಗೊಂಡುದು 1924ರಲ್ಲಿ. ಅದರ ಹೊಣೆಯನ್ನು ಹೊತ್ತವರು ಡಾ. ಎಂ. ವಿ. ಗೋಪಾಲಸ್ವಾಮಿಯವರು. ಇವರು ಲಂಡನ್ನಿನಲ್ಲಿ, ಬುದ್ಧಿಶಕ್ತಿಯ ಅಳತೆಯ ವಿಷಯದಲ್ಲಿ ಆ ಕಾಲದ ಪ್ರಮಾಣ ಪುರುಷರೆನಿಸಿದ್ದ ಚಾರ್ಲ್ಸ್ ಸ್ಪಿಯರ್‌ಮನ್ನರ ಬಳಿ ವ್ಯಾಸಂಗ ಮಾಡಿದ್ದವರು. ಆದುದರಿಂದ ಮೈಸೂರಿಗೆ ಬಂದ ಮನಶ್ಶಾಸ್ತ್ರವು ಮೊದಲಿನಿಂದಲೂ ಅಳತೆಯ ಶಾಸ್ತ್ರವಾಗಿ ಬಂದಿತು. ಇದೇ ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಿಂದಲೇ ರೇಡಿಯೋ ಪ್ರಸಾರವನ್ನು ಆರಂಭಿಸಿದರೆಂಬುದೂ, ಅದು ‘ಆಕಾಶವಾಣಿ’ ಎಂಬ ಹೆಸರಿನಿಂದ ಪ್ರಸಿದ್ಧವಾಯಿತೆಂಬುದೂ ಸರ್ವವಿದಿತ.

ಅಳತೆಗೆ ಭಾಷೆ ಬೇಕು. ಇಂಗ್ಲಿಷಿನಲ್ಲಿಯೋ ಫ್ರೆಂಚಿನಲ್ಲಿಯೋ ರಚಿತವಾದ ಪ್ರಶ್ನೆಗಳನ್ನು ಕನ್ನಡದ ಮಗುವಿಗೆ ಹಾಗೆಯೇ ಕೇಳಿದರೆ ಅಳೆದಂತಾಗುವುದು ಅದರ ಬುದ್ಧಿಯಲ್ಲ, ಅದರ ಇಂಗ್ಲಿಷು. ಈ ತೊಡಕನ್ನು ಬಿಡಿಸಲು ವಿ. ವಿ. ಕಾಮತ್ ಅವರು 1930ರ ದಶಕದಲ್ಲಿ ಬಿನೆಯ ಪರೀಕ್ಷೆಗಳನ್ನು ಕನ್ನಡ ಮತ್ತು ಮರಾಠಿ ಮಾತನಾಡುವ ಮಕ್ಕಳಿಗೆ ಹೊಂದುವಂತೆ ಪರಿಷ್ಕರಿಸಿದರು. ಬಿನೆ-ಕಾಮತ್ ಪರೀಕ್ಷೆಯೆಂದು ಪ್ರಸಿದ್ಧವಾದ ಈ ಸಾಧನವು ಮುಂದೆ ಹಲವು ದಶಕಗಳ ಕಾಲ ಚಿಕಿತ್ಸಾಲಯಗಳಲ್ಲಿ ಬಳಕೆಯಲ್ಲಿತ್ತು.

ಎರಡನೆಯ ಒರತೆ ಆಸ್ಪತ್ರೆಯದು. ಬೆಂಗಳೂರಿನಲ್ಲಿ 1847ರ ವೇಳೆಗೆ ಹುಚ್ಚರ ಆಸ್ಪತ್ರೆಯೆಂದು ಆರಂಭವಾದ ಸಂಸ್ಥೆಗೆ 1925ರಲ್ಲಿ ಮಾನಸಿಕ ಆಸ್ಪತ್ರೆ ಎಂಬ ಹೆಸರಾಯಿತು. ಹೆಸರು ಬದಲಾದುದು ಅಲ್ಪ ವಿಷಯವಲ್ಲ. ಕಾವಲಿನ ಸ್ಥಳವು ಚಿಕಿತ್ಸೆಯ ಸ್ಥಳವಾಗಬೇಕೆಂಬ ಸಂಕಲ್ಪ ಅದರಲ್ಲಿ ಅಡಗಿದೆ. 1930ರ ದಶಕದ ಕೊನೆಯ ಭಾಗದಲ್ಲಿ ಆಸ್ಪತ್ರೆಯು ಹೊಸೂರು ರಸ್ತೆಯ ವಿಶಾಲವಾದ ಆವರಣಕ್ಕೆ ಸ್ಥಳಾಂತರಗೊಂಡಿತು. ಅದನ್ನು ಮುನ್ನಡೆಸಿದ ಡಾ. ಎಂ. ವಿ. ಗೋವಿಂದಸ್ವಾಮಿಯವರಿಗೆ ವೈದ್ಯದಷ್ಟೇ ಮನಶ್ಶಾಸ್ತ್ರದಲ್ಲಿಯೂ ಆಸಕ್ತಿಯಿತ್ತು. ಆದರೂ ಹೆಗ್ಗಡದೇವನಕೋಟೆಯ ಕಾಡಂಚಿನ ರೋಗಿಗೆ ಈ ಆಸ್ಪತ್ರೆಯೆಂದರೆ ಇನ್ನೂರು ಕಿಲೋಮೀಟರಿಗೆ ಸಮೀಪದ ಪ್ರಯಾಣ. ಅಲ್ಲಿಗೆ ಹೋಗುವ ಮೊದಲು ದೇವರು ಕೇಳಿಸುವುದು, ಶಾಸ್ತ್ರ ನೋಡಿಸುವುದು, ಯಂತ್ರ ಕಟ್ಟಿಸುವುದು ಇವೆಲ್ಲವೂ ನಡೆದು, ಬಹುಕಾಲ ಕಳೆದಿರುತ್ತಿದ್ದುದು ಸಹಜವೇ.

ಈ ಎರಡು ಒರತೆಗಳು ಕೂಡಿದುದು 1954ರಲ್ಲಿ. 1946ರ ಭೋರ್ ಸಮಿತಿಯ ಸಲಹೆಯನ್ನು ಅನುಸರಿಸಿ, ಕೇಂದ್ರ ಸರ್ಕಾರವೂ ಮೈಸೂರು ಸರ್ಕಾರವೂ ಸೇರಿ ಬೆಂಗಳೂರಿನಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯನ್ನು ಸ್ಥಾಪಿಸಿದುವು. ಗೋವಿಂದಸ್ವಾಮಿಯವರು ಅದರ ಪ್ರಥಮ ನಿರ್ದೇಶಕರಾದರು. 1955ರಲ್ಲಿ ಅಲ್ಲಿ ವೈದ್ಯರಿಗೆ ಒಂದು ಡಿಪ್ಲೊಮಾ, ಮನಶ್ಶಾಸ್ತ್ರದ ಪದವೀಧರರಿಗೆ ಇನ್ನೊಂದು ಡಿಪ್ಲೊಮಾ ಆರಂಭವಾದುವು. ಚಿಕಿತ್ಸಾ ಮನಶ್ಶಾಸ್ತ್ರಜ್ಞನೆಂಬ ವೃತ್ತಿವಂತನು ನಮ್ಮ ದೇಶದಲ್ಲಿ ಕ್ರಮಬದ್ಧವಾದ ತರಬೇತಿಯಿಂದ ರೂಪುಗೊಳ್ಳತೊಡಗಿದುದು ಇಲ್ಲಿ ಎಂದರೆ ತಪ್ಪಾಗಲಾರದು. 1968ರಲ್ಲಿ ಈ ವೃತ್ತಿಯವರ ಅಖಿಲ ಭಾರತ ಸಂಘ ಹುಟ್ಟಿತು. 1974ರಲ್ಲಿ ಸಂಸ್ಥೆಯೂ ಮಾನಸಿಕ ಆಸ್ಪತ್ರೆಯೂ ಒಂದುಗೂಡಿ ನಿಮ್ಹಾನ್ಸ್ ಆಯಿತು. ಇತ್ತ ಮೈಸೂರಿನಲ್ಲಿ 1965ರಲ್ಲಿ ಸ್ಥಾಪಿತವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿಯೂ ಚಿಕಿತ್ಸಾ ಮನಶ್ಶಾಸ್ತ್ರದ ವಿಭಾಗ ಏರ್ಪಟ್ಟಿತು. ಮಾತು ಬಾರದ, ಕಲಿಕೆ ನಿಧಾನವಾದ ಮಕ್ಕಳನ್ನು ಕರೆದೊಯ್ಯಲು ನಾಲ್ಕು ತಾಲ್ಲೂಕುಗಳ ತಂದೆತಾಯಿಗಳಿಗೆ ಒಂದು ದಿನದಲ್ಲಿ ಹೋಗಿಬರಬಹುದಾದ ಸ್ಥಳ ದೊರಕಿದಂತಾಯಿತು.

ವೃತ್ತಿಯು ನಗರದಲ್ಲಿ ನೆಲೆಗೊಂಡಿತು. ರೋಗಿಗಳಲ್ಲಿ ಬಹುಪಾಲು ಹಳ್ಳಿಗಳಲ್ಲಿದ್ದರು. ಈ ಅಂತರವನ್ನು ತುಂಬಲು 1970ರ ದಶಕದ ನಡುವಿನಲ್ಲಿ ನಿಮ್ಹಾನ್ಸ್ ಬೆಂಗಳೂರಿನ ಸಮೀಪದ ಸಕಲವಾರದಲ್ಲಿ ಗ್ರಾಮೀಣ ಕೇಂದ್ರವೊಂದನ್ನು ತೆರೆದು, ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ಮಾನಸಿಕ ರೋಗದ ಲಕ್ಷಣಗಳನ್ನೂ ಪ್ರಾಥಮಿಕ ಚಿಕಿತ್ಸೆಯನ್ನೂ ಕಲಿಸುವ ಪ್ರಯೋಗವನ್ನು ನಡೆಸಿತು. 1982ರಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮ ರೂಪುಗೊಂಡಿತು; 1985ರಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ಈ ಕ್ರಮವನ್ನು ಇಡೀ ಜಿಲ್ಲೆಗೆ ಅನ್ವಯಿಸಿ ನೋಡಲಾಯಿತು. ಬಳ್ಳಾರಿಯ ಮಾದರಿಯೇ 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವೆಂಬ ಹೆಸರಿನಲ್ಲಿ ದೇಶವ್ಯಾಪಿಯಾಗತೊಡಗಿತು. 2014ರಲ್ಲಿ ಕರ್ನಾಟಕ ಸರ್ಕಾರ ‘ಮನೋಚೈತನ್ಯ’ ಕಾರ್ಯಕ್ರಮವನ್ನು ಆರಂಭಿಸಿ, ಮಂಗಳವಾರಗಳಂದು ಮನೋವೈದ್ಯರು ತಾಲ್ಲೂಕು ಆಸ್ಪತ್ರೆಗಳಿಗೇ ಬಂದು ರೋಗಿಗಳನ್ನು ನೋಡುವ ಏರ್ಪಾಡನ್ನು ಮಾಡಿತು. ಬೆಂಗಳೂರಿಗೆ ಹೋಗಬೇಕಾಗಿದ್ದ ರೋಗಿಗೆ ತಾಲ್ಲೂಕಿನ ಕೇಂದ್ರದಲ್ಲಿಯೇ ಔಷಧ ದೊರೆಯುವಂತಾದುದು ಈ ಇತಿಹಾಸದ ದೊಡ್ಡ ಲಾಭ.

ಆದರೆ ಇಲ್ಲಿ ಒಂದು ಭೇದವನ್ನು ಗಮನಿಸಬೇಕು. ಹಳ್ಳಿಯತ್ತ ನಡೆದುದು ವೈದ್ಯನ ವಿದ್ಯೆ. ಗುಳಿಗೆಯನ್ನು ಕಟ್ಟಿ ಕಳುಹಿಸಬಹುದು. ರೋಗಲಕ್ಷಣಗಳ ಪಟ್ಟಿಯನ್ನು ಕೈಪಿಡಿಯಲ್ಲಿ ಅಚ್ಚು ಹಾಕಿಸಬಹುದು. ಚಿಕಿತ್ಸಾ ಮನಶ್ಶಾಸ್ತ್ರಜ್ಞನ ವಿದ್ಯೆಯಾದರೋ ಮೂರು ವಸ್ತುಗಳನ್ನು ಅವಲಂಬಿಸಿದೆ: ಸರಿಯಾದ ಅಳತೆ, ರೋಗಿಯ ಭಾಷೆ, ಮತ್ತು ಅವನೊಡನೆ ಕುಳಿತು ಮಾತನಾಡುವಷ್ಟು ಕಾಲ. ಜಿಲ್ಲಾ ಕಾರ್ಯಕ್ರಮದ ತಂಡದಲ್ಲಿ ಮನೋವೈದ್ಯರು, ಸಮಾಜ ಕಾರ್ಯಕರ್ತರು, ದಾದಿಯರೊಡನೆ ಚಿಕಿತ್ಸಾ ಮನಶ್ಶಾಸ್ತ್ರಜ್ಞರಿಗೂ ಸ್ಥಾನವಿದೆ. ಆದರೆ ಅದು ಇಡೀ ಜಿಲ್ಲೆಗೆ ಒಂದು ತಂಡ. ನೂರಾರು ಹಳ್ಳಿಗಳ ತಾಲ್ಲೂಕಿನಲ್ಲಿ ಒಬ್ಬೊಬ್ಬ ರೋಗಿಗೂ ವಾರ ವಾರ ಒಂದು ಗಂಟೆಯ ಸಂವಾದವೆಂಬುದು ಈ ಲೆಕ್ಕದಲ್ಲಿ ಅಸಾಧ್ಯವೇ ಸರಿ.

ಭಾಷೆಯ ತೊಡಕಂತೂ ಈ ಸೀಮೆಯಲ್ಲಿ ಇನ್ನೂ ಜಟಿಲವಾದುದು. ಹೆಗ್ಗಡದೇವನಕೋಟೆ ಮತ್ತು ಹುಣಸೂರಿನ ಹಾಡಿಗಳಲ್ಲಿ ಜೇನುಕುರುಬರ, ಬೆಟ್ಟಕುರುಬರ ನುಡಿಗಳಿವೆ. ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯಲ್ಲಿ 1960ರ ದಶಕದ ಆರಂಭದಿಂದ ಟಿಬೆಟನ್ ನಿರಾಶ್ರಿತರು ನೆಲೆಸಿದ್ದಾರೆ. ಕನ್ನಡವೇ ಮನೆಮಾತಾದ ಹೊಗೆಸೊಪ್ಪಿನ ಬೆಳೆಗಾರನೂ ತನ್ನ ಸಂಕಟವನ್ನು ‘ಖಿನ್ನತೆ’ ಎಂದು ಕರೆಯುವುದಿಲ್ಲ. ಎದೆ ಡವಗುಟ್ಟುತ್ತದೆ, ಯಾವುದರ ಮೇಲೂ ಮನಸ್ಸಿಲ್ಲ, ಗಾಳಿ ಸೋಕಿದೆ ಎಂದು ಹೇಳಿಕೊಳ್ಳುವವನ ಮಾತಿನಲ್ಲಿ ರೋಗವನ್ನೂ ಸಾಲದ ಚಿಂತೆಯನ್ನೂ ಬೇರ್ಪಡಿಸಿ ತಿಳಿಯಬೇಕಾದರೆ ಆ ಮಾತಿನ ಬಳಕೆ ಬೇಕು. ಕಾಮತರು ಅಂದು ಕಂಡ ತೊಡಕೇ ಇಂದು ಇನ್ನೊಂದು ರೂಪದಲ್ಲಿ ನಮ್ಮೆದುರಿಗಿದೆ: ಊರಿನ ಕನ್ನಡದ ಮಕ್ಕಳಿಗೆಂದು ಸಿದ್ಧವಾದ ಪರೀಕ್ಷೆಯಿಂದ ಹಾಡಿಯ ಮಗುವನ್ನು ಅಳೆದು ಮಂದಬುದ್ಧಿಯೆಂದು ಬರೆದರೆ, ಆ ಬರವಣಿಗೆ ಮಗುವಿನ ಶಾಲೆಯನ್ನೂ ಮುಂದಿನ ಬಾಳನ್ನೂ ಬೆನ್ನಟ್ಟುತ್ತದೆ.

ಕನ್ನಡಕ್ಕೆ ಈ ಕಾರ್ಯ ಹೊಸದೇನೂ ಅಲ್ಲ. ‘ರಾಶಿ’ ಎಂದು ಹೆಸರಾದ ಡಾ. ಎಂ. ಶಿವರಾಂ ಅವರು ಮನೋರೋಗಗಳನ್ನು ಕುರಿತು ಬರೆದ ‘ಮನಮಂಥನ’ಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿತು. ನಿಮ್ಹಾನ್ಸಿನ ಡಾ. ಸಿ. ಆರ್. ಚಂದ್ರಶೇಖರ್ ಅವರು ಸಾಮಾನ್ಯ ಓದುಗರಿಗಾಗಿ ಹಲವಾರು ಕೃತಿಗಳನ್ನು ರಚಿಸಿದ್ದಾರೆ. 2022ರಲ್ಲಿ ಆರಂಭವಾದ ಟೆಲಿ-ಮಾನಸ್ ಸೇವೆಯಲ್ಲಿ 14416 ಸಂಖ್ಯೆಗೆ ಕರೆಮಾಡಿದವರು ಕನ್ನಡದಲ್ಲಿ ಮಾತನಾಡಬಹುದು. ಗೋಪಾಲಸ್ವಾಮಿಯವರ ರೇಡಿಯೋ ಮಾತನ್ನು ಮನೆಗೆ ತಂದಿತು. ಈ ಸೇವೆಯಲ್ಲಿ ಮನೆಯವರ ಮಾತಿಗೂ ಕಿವಿಗೊಡುವವರಿದ್ದಾರೆ.

ಕಾನೂನು ಸಹ ಬಹುದೂರ ನಡೆದಿದೆ. 1912ರ ಅಧಿನಿಯಮಕ್ಕೆ ಮುಖ್ಯವಾಗಿ ಬೇಕಾಗಿದ್ದುದು ಮ್ಯಾಜಿಸ್ಟ್ರೇಟರ ಆಜ್ಞೆ. 1987ರ ಅಧಿನಿಯಮವನ್ನು ದಾಟಿ ಬಂದ 2017ರ ಮಾನಸಿಕ ಆರೋಗ್ಯ ರಕ್ಷಣೆ ಅಧಿನಿಯಮವು ಚಿಕಿತ್ಸೆಯನ್ನು ರೋಗಿಯ ಹಕ್ಕೆಂದು ಘೋಷಿಸಿ, ಅವನಿಗೆ ತಿಳಿಯುವ ಭಾಷೆಯಲ್ಲಿ ವಿಷಯವನ್ನು ತಿಳಿಸಬೇಕೆಂದು ವಿಧಿಸುತ್ತದೆ. ಚಿಕಿತ್ಸಾ ಮನಶ್ಶಾಸ್ತ್ರಜ್ಞರನ್ನು ಈ ಕ್ಷೇತ್ರದ ವೃತ್ತಿಪರರೆಂದು ಮನ್ನಿಸುತ್ತದೆ. ಹಕ್ಕು ಬರವಣಿಗೆಯಲ್ಲಿ ಬಂದಿದೆ. ಅದನ್ನು ನಡೆಸಿಕೊಡಬಲ್ಲ ಕೈಗಳು ಸಾಲದಾಗಿವೆ.

ಆದುದರಿಂದ ಮುಂದಿನ ಹೆಜ್ಜೆಯ ಒಂದು ಪಾಲು ವಿಶ್ವವಿದ್ಯಾನಿಲಯಕ್ಕೂ ತಾಲ್ಲೂಕುಗಳ ಕಾಲೇಜುಗಳಿಗೂ ಸಲ್ಲುತ್ತದೆ. ಸಂಕಟವನ್ನು ಹೇಳಿಕೊಳ್ಳಲು ಜನರು ಬಳಸುವ ಮಾತುಗಳನ್ನು ಊರೂರಿನಲ್ಲಿ ಸಂಗ್ರಹಿಸುವುದು, ಹಾಡಿಯ ಮಕ್ಕಳಿಗೆ ಹೊಂದುವ ಪರೀಕ್ಷೆಗಳನ್ನು ಸಿದ್ಧಪಡಿಸುವುದು, ಆ ನುಡಿಗಳನ್ನೇ ಆಡುವ ಯುವಕ ಯುವತಿಯರನ್ನು ಈ ಶಿಕ್ಷಣಕ್ಕೆ ಕಳುಹಿಸುವುದು: ಇವಾವುವೂ ದೊಡ್ಡ ಕಟ್ಟಡಗಳನ್ನು ಬೇಡುವ ಕೆಲಸಗಳಲ್ಲ. 1924ರಲ್ಲಿ ಒಂದು ಕಾಲೇಜಿನ ಪ್ರಯೋಗಶಾಲೆಯಿಂದ ಹೊರಟ ಶಾಸ್ತ್ರವು ಹುಣಸೂರಿನ ಕಾಲೇಜಿನ ಕೊಠಡಿಯಿಂದಲೂ ಮುಂದುವರಿಯಬಲ್ಲುದು.