ಹುಲ್ಲು ಕತ್ತರಿಸುವ ಯಂತ್ರದ ಎಂಜಿನ್ ಬೇಗ ಕೆಡುವುದೇಕೆ? ಹೆಚ್ಚು ವರ್ಷ ಬಾಳಿಕೆ ಬರಲು ಹೀಗೆ ಮಾಡಿ

ಹೈದರಾಬಾದ್: ಮಳೆ ಬಿದ್ದ ಹದಿನೈದು ದಿನಕ್ಕೆ ಹುಲ್ಲು ಮೊಣಕಾಲುದ್ದ ಬೆಳೆಯುತ್ತದೆ. ಮೂಲೆಯಲ್ಲಿದ್ದ ಹುಲ್ಲು ಕತ್ತರಿಸುವ ಯಂತ್ರವನ್ನು ಹೊರಗೆ ತಂದು ಹಗ್ಗ ಎಳೆದರೆ ಎಂಜಿನ್ ಸ್ಟಾರ್ಟ್ ಆಗುವುದಿಲ್ಲ. ಅಪಾರ್ಟ್‌ಮೆಂಟ್, ಶಾಲೆ, ಕಲ್ಯಾಣ ಮಂಟಪಗಳ ಹುಲ್ಲುಹಾಸು ಕತ್ತರಿಸಿ ದಿನಗೂಲಿ ದುಡಿಯುವವರಿಗೆ ಇದು ನೇರವಾಗಿ ಹೊಟ್ಟೆಪಾಡಿನ ಪ್ರಶ್ನೆ. ತೋಟದಲ್ಲಿ ಕಳೆ ತೆಗೆಯಲು ಬ್ರಷ್ ಕಟರ್ ಇಟ್ಟುಕೊಂಡಿರುವ ರೈತರಿಗೂ ಇದೇ ತೊಂದರೆ.

ಸಮಾಧಾನದ ಸಂಗತಿ ಎಂದರೆ, ಇಂತಹ ಸಣ್ಣ ಎಂಜಿನ್‌ಗಳು ದೊಡ್ಡ ದೋಷದಿಂದ ಕೆಡುವುದು ಕಡಿಮೆ. ಹಳೆಯ ಪೆಟ್ರೋಲ್, ಕೊಳೆಯಾದ ಆಯಿಲ್, ಧೂಳು ತುಂಬಿದ ಏರ್ ಫಿಲ್ಟರ್ ಈ ಮೂರೇ ಬಹುಪಾಲು ಎಂಜಿನ್‌ಗಳ ಆಯಸ್ಸು ತಿನ್ನುತ್ತವೆ. ಮೂರನ್ನೂ ಮನೆಯಲ್ಲೇ ಸರಿಪಡಿಸಬಹುದು. ಅದಕ್ಕೆ ಬೇಕಾದ ಪ್ಲಗ್ ಸ್ಪಾನರ್, ಲಾಳಿಕೆ, ಅಳತೆ ಜಾರ್, ತಂತಿ ಬ್ರಷ್‌ನಂಥವು ಬೇಗಂ ಬಜಾರ್‌ನಂತಹ ಸಗಟು ಮಾರುಕಟ್ಟೆಯ ಹಾರ್ಡ್‌ವೇರ್ ಅಂಗಡಿಗಳಲ್ಲಿ ಸಿಗುವ ಸಾಮಾನುಗಳೇ.

ಬೇಗಂ ಬಜಾರ್ ಕನ್ನಡಿಗರಿಗೆ ಹೊಸದಲ್ಲ. ನಿಜಾಮ್ ಅಲಿ ಖಾನ್ ಅವರ ಪತ್ನಿ ಹಮ್ದಾ ಬೇಗಂ ವ್ಯಾಪಾರಿಗಳಿಗೆ ಕೊಟ್ಟ ಜಾಗದಲ್ಲಿ ಈ ಪೇಟೆ ಬೆಳೆಯಿತು ಎಂದು ಹೇಳಲಾಗುತ್ತದೆ. 1956ರ ನವೆಂಬರ್ 1ರವರೆಗೆ ಬೀದರ್, ಕಲಬುರಗಿ, ರಾಯಚೂರು ಹೈದರಾಬಾದ್ ರಾಜ್ಯದಲ್ಲೇ ಇದ್ದವು. ಆ ಭಾಗದವರು ಇಂದಿಗೂ ಸಾಮಾನು ಖರೀದಿಗೆ ಇತ್ತ ಬರುತ್ತಾರೆ. ಆದರೆ ಸಾಮಾನು ಕೊಳ್ಳುವ ಮೊದಲು ನಿಮ್ಮ ಎಂಜಿನ್ ಯಾವುದು ಎಂದು ತಿಳಿದಿರಬೇಕು.

ನಿಮ್ಮದು ಯಾವ ಎಂಜಿನ್?

ಪೆಟ್ರೋಲ್ ಟ್ಯಾಂಕ್ ಅಲ್ಲದೆ ಆಯಿಲ್ ಹಾಕಲು ಬೇರೆ ಮುಚ್ಚಳ ಇದ್ದರೆ ಅದು ಫೋರ್ ಸ್ಟ್ರೋಕ್. ತಳ್ಳಿಕೊಂಡು ಹೋಗುವ ಲಾನ್ ಮೋವರ್‌ಗಳಲ್ಲಿ ಹೆಚ್ಚಾಗಿ ಇದೇ ಇರುತ್ತದೆ. ಪೆಟ್ರೋಲ್ ಜೊತೆಗೇ ಆಯಿಲ್ ಬೆರೆಸಿ ಹಾಕಬೇಕಾದರೆ ಅದು ಟೂ ಸ್ಟ್ರೋಕ್. ಹೆಗಲಿಗೆ ಹಾಕಿಕೊಳ್ಳುವ ಬ್ರಷ್ ಕಟರ್‌ಗಳಲ್ಲಿ ಎರಡೂ ಬಗೆ ಇವೆ.

ಸಣ್ಣ ಎಂಜಿನ್‌ಗೆ ಕಾರಿನಂತೆ ರೇಡಿಯೇಟರ್ ಇಲ್ಲ, ಗಾಳಿಯಿಂದಲೇ ತಣ್ಣಗಾಗಬೇಕು. ಬಹಳಷ್ಟು ಮಾದರಿಗಳಲ್ಲಿ ಆಯಿಲ್ ಫಿಲ್ಟರ್ ಕೂಡ ಇಲ್ಲ. 160 ಸಿಸಿ ಲಾನ್ ಮೋವರ್ ಎಂಜಿನ್ ಹಿಡಿಯುವ ಆಯಿಲ್ ಅರ್ಧ ಲೀಟರ್‌ಗಿಂತ ಸ್ವಲ್ಪ ಹೆಚ್ಚು. 35 ಸಿಸಿ ಬ್ರಷ್ ಕಟರ್ ಆದರೆ ಸುಮಾರು 100 ಮಿ.ಲೀ. ಅಂದರೆ ಒಂದು ಲೋಟ ಚಹಾದಷ್ಟು ಆಯಿಲ್ ಇಡೀ ಎಂಜಿನ್ ಕಾಯಬೇಕು. ಅದರಲ್ಲಿ ಕಾಲು ಭಾಗ ಉರಿದುಹೋದರೂ ಪಿಸ್ಟನ್‌ಗೆ ಪೆಟ್ಟು ಬೀಳುತ್ತದೆ.

ಆಯಿಲ್: ಪ್ರತಿ ಸಲ ನೋಡಿ, ಹೊತ್ತಿಗೆ ಸರಿಯಾಗಿ ಬದಲಿಸಿ

* ಯಂತ್ರ ಚಾಲು ಮಾಡುವ ಮುನ್ನ ಸಮತಟ್ಟಾದ ಜಾಗದಲ್ಲಿಟ್ಟು ಆಯಿಲ್ ಮಟ್ಟ ನೋಡಿ. ಇದು ದಿನವೂ ಮಾಡಬೇಕಾದ ಕೆಲಸ.
* ಹೊಸ ಎಂಜಿನ್‌ನ ಮೊದಲ ಆಯಿಲ್ ಬೇಗ ಬದಲಿಸಬೇಕು. ಒಳಭಾಗಗಳು ಒಂದಕ್ಕೊಂದು ಹೊಂದಿಕೊಳ್ಳುವಾಗ ಉದುರುವ ಲೋಹದ ಪುಡಿ ಅದರಲ್ಲೇ ಉಳಿಯುತ್ತದೆ. ಕಂಪನಿಯನ್ನು ಅವಲಂಬಿಸಿ ಇದು 5ರಿಂದ 20 ಗಂಟೆಯ ಓಟದ ನಂತರ.
* ಆಮೇಲೆ ಸುಮಾರು ಪ್ರತಿ 50 ಗಂಟೆಗೊಮ್ಮೆ ಬದಲಿಸಿ. ಅಷ್ಟು ಓಡಿಸದಿದ್ದರೂ ವರ್ಷಕ್ಕೊಮ್ಮೆ ಬದಲಿಸಲೇಬೇಕು.
* ಎಂಜಿನ್ ಬೆಚ್ಚಗಿರುವಾಗ ಆಯಿಲ್ ಬಸಿಯಿರಿ. ತಣ್ಣಗಾದರೆ ಕೊಳೆ ತಳದಲ್ಲೇ ಕೂರುತ್ತದೆ.
* ಎಸ್‌ಎಇ 30 ಅಥವಾ 10ಡಬ್ಲ್ಯು-30 ಹೆಚ್ಚಿನ ಫೋರ್ ಸ್ಟ್ರೋಕ್ ಎಂಜಿನ್‌ಗಳಿಗೆ ಹೇಳಿರುವ ದರ್ಜೆ. ನಿಮ್ಮ ಯಂತ್ರದ ಕೈಪಿಡಿಯಲ್ಲಿ ಬರೆದದ್ದೇ ಅಂತಿಮ.
* ಹೆಚ್ಚು ತುಂಬುವುದೂ ತಪ್ಪು. ಬಿಳಿ ಹೊಗೆ ಬರುತ್ತದೆ, ಪ್ಲಗ್ ಎಣ್ಣೆಯಲ್ಲಿ ನೆನೆಯುತ್ತದೆ.

ಬಸಿದ ಆಯಿಲ್ ಅನ್ನು ಚರಂಡಿಗೆ ಅಥವಾ ಗಿಡದ ಬುಡಕ್ಕೆ ಸುರಿಯಬೇಡಿ. 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ವ್ಯಾಪ್ತಿಗೆ ಬಳಸಿದ ಆಯಿಲ್ ಕೂಡ ಬರುತ್ತದೆ. ಡಬ್ಬಿಯಲ್ಲಿ ಕೂಡಿಟ್ಟು, ಹಳೆ ಆಯಿಲ್ ಸಂಗ್ರಹಿಸುವ ಗ್ಯಾರೇಜ್‌ಗೆ ಕೊಡಿ.

ಟೂ ಸ್ಟ್ರೋಕ್ ಆದರೆ ಮಿಶ್ರಣದ ಲೆಕ್ಕ ತಪ್ಪಬಾರದು

ಇಲ್ಲಿ ಪೆಟ್ರೋಲ್‌ನಲ್ಲಿ ಬೆರೆಸಿದ ಆಯಿಲ್ ಒಂದೇ ಎಂಜಿನ್‌ಗೆ ಆಸರೆ. 50ಕ್ಕೆ 1 ಎಂದಿದ್ದರೆ ಒಂದು ಲೀಟರ್ ಪೆಟ್ರೋಲ್‌ಗೆ 20 ಮಿ.ಲೀ. ಆಯಿಲ್, 40ಕ್ಕೆ 1 ಎಂದಿದ್ದರೆ 25 ಮಿ.ಲೀ., 25ಕ್ಕೆ 1 ಎಂದಿದ್ದರೆ 40 ಮಿ.ಲೀ. ಬಾಟಲಿ ಮುಚ್ಚಳದ ಅಂದಾಜು ಬೇಡ, ಅಳತೆ ಜಾರ್ ಬಳಸಿ. ಆಯಿಲ್ ಕಡಿಮೆಯಾದರೆ ಪಿಸ್ಟನ್ ಹಿಡಿದುಕೊಳ್ಳುತ್ತದೆ. ಹೆಚ್ಚಾದರೆ ಸೈಲೆನ್ಸರ್‌ನಲ್ಲಿ ಮಸಿ ಕಟ್ಟುತ್ತದೆ. ಬೇಕಾದಷ್ಟೇ ಬೆರೆಸಿ, ಒಂದು ತಿಂಗಳೊಳಗೆ ಮುಗಿಸಿ.

ಪೆಟ್ರೋಲ್: ಇ20 ಬಂದ ಮೇಲೆ ಹೆಚ್ಚಿನ ಎಚ್ಚರ

2023ರ ಫೆಬ್ರವರಿ 6ರಂದು ಬೆಂಗಳೂರಿನ ಇಂಡಿಯಾ ಎನರ್ಜಿ ವೀಕ್‌ನಲ್ಲಿ ಶೇ 20ರಷ್ಟು ಎಥೆನಾಲ್ ಬೆರೆಸಿದ ಪೆಟ್ರೋಲ್, ಅಂದರೆ ಇ20, ಮಾರಾಟಕ್ಕೆ ಚಾಲನೆ ಸಿಕ್ಕಿತು. 2025ರ ಹೊತ್ತಿಗೆ ದೇಶದಲ್ಲಿ ಶೇ 20ರ ಮಿಶ್ರಣದ ಗುರಿ ತಲುಪಲಾಯಿತು. ಆದರೆ ಹಲವು ಸಣ್ಣ ಎಂಜಿನ್‌ಗಳ ಕೈಪಿಡಿಗಳಲ್ಲಿ ಹೇಳಿರುವ ಗರಿಷ್ಠ ಎಥೆನಾಲ್ ಪ್ರಮಾಣ ಶೇ 10. ಹಳೆಯ ಯಂತ್ರ ಇರುವವರು ಈ ವ್ಯತ್ಯಾಸ ಗಮನಿಸಬೇಕು.

ಎಥೆನಾಲ್ ಗಾಳಿಯಲ್ಲಿನ ತೇವ ಹೀರುತ್ತದೆ. ಮಳೆಗಾಲದಲ್ಲಿ ಅರ್ಧ ತುಂಬಿದ ಟ್ಯಾಂಕ್‌ನಲ್ಲಿ ತೇವ ಹೆಚ್ಚಾದಾಗ, ನೀರು ಮತ್ತು ಎಥೆನಾಲ್ ಸೇರಿ ತಳಕ್ಕಿಳಿಯುತ್ತವೆ. ಕಾರ್ಬೊರೇಟರ್‌ಗೆ ಮೊದಲು ಹೋಗುವುದು ಆ ತಳದ ದ್ರವವೇ. ಒಳಗಿನ ಲೋಹಕ್ಕೆ ತುಕ್ಕು ಹಿಡಿಯುತ್ತದೆ, ರಬ್ಬರ್ ಪೈಪು ಮತ್ತು ಡಯಾಫ್ರಮ್ ಗಟ್ಟಿಯಾಗಬಹುದು. ಪೆಟ್ರೋಲ್ ಆರಿದಾಗ ಉಳಿಯುವ ಅಂಟು, ಕೂದಲೆಳೆಯಷ್ಟು ಸಣ್ಣ ಜೆಟ್ ರಂಧ್ರವನ್ನು ಮುಚ್ಚುತ್ತದೆ. ಮಳೆಗಾಲದ ಮೊದಲ ದಿನ ಹಗ್ಗ ಎಳೆದು ಎಳೆದು ಕೈ ಸೋಲುವುದಕ್ಕೆ ಹೆಚ್ಚಿನ ಸಲ ಕಾರಣ ಇದೇ.

ಪರಿಹಾರ ಸರಳ. ಎರಡು ಮೂರು ವಾರಕ್ಕೆ ಬೇಕಾದಷ್ಟೇ ಪೆಟ್ರೋಲ್ ತನ್ನಿ. ಇಂಧನಕ್ಕೆಂದೇ ಮಾಡಿದ, ಬಿಗಿ ಮುಚ್ಚಳದ ಕ್ಯಾನ್‌ನಲ್ಲಿಡಿ, ನೀರಿನ ಬಾಟಲಿಯಲ್ಲಿ ಬೇಡ. ಕೆಲಸ ಇಲ್ಲದ ದಿನಗಳಲ್ಲಿ ಟ್ಯಾಂಕ್‌ನಲ್ಲಿ ಪೆಟ್ರೋಲ್ ಬಿಡಬೇಡಿ. ಬಿಸಿ ಎಂಜಿನ್‌ಗೆ ಪೆಟ್ರೋಲ್ ಹಾಕುವುದು ಬೆಂಕಿಗೆ ದಾರಿ, ಹತ್ತು ನಿಮಿಷ ಆರಲು ಬಿಡಿ.

ಏರ್ ಫಿಲ್ಟರ್: ಧೂಳೇ ಶತ್ರು

ಒಣ ಹುಲ್ಲು, ಕೆಮ್ಮಣ್ಣಿನ ಧೂಳು ಏಳುವ ಕಡೆ ಫಿಲ್ಟರ್ ಬೇಗ ಕಟ್ಟಿಕೊಳ್ಳುತ್ತದೆ. ಫಿಲ್ಟರ್ ದಾಟಿ ಒಳಹೋದ ಧೂಳು ಆಯಿಲ್ ಜೊತೆ ಸೇರಿ ಉಜ್ಜುಕಾಗದದಂತೆ ಸಿಲಿಂಡರ್ ಸವೆಸುತ್ತದೆ. ಒಮ್ಮೆ ಸಿಲಿಂಡರ್ ಸವೆದರೆ ಎಂಜಿನ್ ಬಿಚ್ಚದೆ ಬೇರೆ ದಾರಿ ಇಲ್ಲ.

ಸ್ಪಂಜಿನ ಫಿಲ್ಟರ್ ಆದರೆ ಸೋಪಿನ ನೀರಲ್ಲಿ ತೊಳೆದು, ನೆರಳಲ್ಲಿ ಪೂರ್ತಿ ಒಣಗಿಸಿ. ಕೈಪಿಡಿ ಹೇಳಿದ್ದರೆ ಸ್ವಲ್ಪ ಎಂಜಿನ್ ಆಯಿಲ್ ಹಚ್ಚಿ ಹಿಂಡಿ ಹಾಕಿ. ಕಾಗದದ ಫಿಲ್ಟರ್ ಆದರೆ ಮೆಲ್ಲಗೆ ತಟ್ಟಿ ಧೂಳು ಉದುರಿಸಿ. ನೀರು ಮುಟ್ಟಿಸಬೇಡಿ, ಪಂಕ್ಚರ್ ಅಂಗಡಿಯ ಗಾಳಿ ಪೈಪನ್ನು ಹತ್ತಿರ ಹಿಡಿದು ಊದಿಸಬೇಡಿ. ಕಾಗದ ಹರಿದರೆ ಫಿಲ್ಟರ್ ಇದ್ದೂ ಇಲ್ಲದಂತೆ. ಫಿಲ್ಟರ್ ತೆಗೆದು ಒಂದು ದಿನ ಓಡಿಸುವುದೂ ಬೇಡ.

ಎಂಜಿನ್ ಮೈ ಉಸಿರಾಡಲಿ

ಎಂಜಿನ್ ಸುತ್ತ ಇರುವ ಲೋಹದ ರೆಕ್ಕೆಗಳ ನಡುವೆ ಹುಲ್ಲಿನ ಪುಡಿ ಸೇರಿದರೆ ಬಿಸಿ ಹೊರಹೋಗುವುದಿಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ಕಲಬುರಗಿ, ರಾಯಚೂರು, ಹೈದರಾಬಾದ್‌ಗಳಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಆಗ ಇದು ಇನ್ನೂ ಅಪಾಯ. ಕೆಲಸ ಮುಗಿದು ಎಂಜಿನ್ ಆರಿದ ಮೇಲೆ ಒಣ ಬ್ರಷ್‌ನಿಂದ ತೆಗೆಯಿರಿ. ಪೈಪ್ ಹಿಡಿದು ನೀರು ಹೊಡೆಯಬೇಡಿ.

ಅಡಿಭಾಗ ಕೆರೆದು ಸ್ವಚ್ಛ ಮಾಡುವ ಮೊದಲು ಪ್ಲಗ್‌ನ ವಯರ್ ಕಳಚಲೇಬೇಕು. ಕೈಯಿಂದ ಬ್ಲೇಡ್ ತಿರುಗಿಸಿದರೂ ಎಂಜಿನ್ ಸ್ಟಾರ್ಟ್ ಆಗಬಹುದು. ಯಂತ್ರ ವಾಲಿಸುವಾಗ ಏರ್ ಫಿಲ್ಟರ್ ಇರುವ ಬದಿ ಮೇಲಕ್ಕಿರಲಿ, ಇಲ್ಲದಿದ್ದರೆ ಆಯಿಲ್ ಫಿಲ್ಟರ್‌ಗೆ ಇಳಿಯುತ್ತದೆ.

ಪ್ಲಗ್ ನೋಡಿ ರೋಗ ತಿಳಿಯಿರಿ

* ತುದಿ ತಿಳಿ ಕಂದು ಬಣ್ಣದಲ್ಲಿದ್ದರೆ ಎಂಜಿನ್ ಸರಿಯಾಗಿದೆ.
* ಒಣ ಮಸಿ ಇದ್ದರೆ ಪೆಟ್ರೋಲ್ ಹೆಚ್ಚು, ಗಾಳಿ ಕಡಿಮೆ. ಮೊದಲು ಏರ್ ಫಿಲ್ಟರ್ ನೋಡಿ.
* ಎಣ್ಣೆ ಜಿಡ್ಡಿದ್ದರೆ ಆಯಿಲ್ ಹೆಚ್ಚಾಗಿದೆ ಅಥವಾ ಪಿಸ್ಟನ್ ರಿಂಗ್ ಸವೆದಿದೆ.
* ತುದಿ ಬೆಳ್ಳಗೆ ಸುಟ್ಟಂತಿದ್ದರೆ ಎಂಜಿನ್ ಅತಿಯಾಗಿ ಬಿಸಿಯಾಗುತ್ತಿದೆ.

ಪ್ಲಗ್ ತುದಿಯ ಅಂತರ ಮಾದರಿಗೆ ತಕ್ಕಂತೆ ಸುಮಾರು 0.5ರಿಂದ 0.8 ಮಿ.ಮೀ. ಇದನ್ನು ಫೀಲರ್ ಗೇಜ್‌ನಿಂದ ನೋಡಬಹುದು. ಹೊಸ ಪ್ಲಗ್ ಕೂರಿಸುವಾಗ ಮೊದಲು ಕೈಯಿಂದಲೇ ತಿರುಗಿಸಿ, ಕೊನೆಗೆ ಸ್ಪಾನರ್ ಹಾಕಿ. ಅಲ್ಯೂಮಿನಿಯಂ ಮರೆ ಒಮ್ಮೆ ಹಾಳಾದರೆ ರಿಪೇರಿ ದುಬಾರಿ.

ಬ್ಲೇಡ್ ಕೆಟ್ಟರೆ ಎಂಜಿನ್‌ಗೂ ಪೆಟ್ಟು

ಬಹಳಷ್ಟು ಲಾನ್ ಮೋವರ್‌ಗಳಲ್ಲಿ ಬ್ಲೇಡ್ ನೇರವಾಗಿ ಕ್ರ್ಯಾಂಕ್ ಶಾಫ್ಟ್‌ಗೇ ಕೂತಿರುತ್ತದೆ. ಬ್ಲೇಡ್‌ನ ಒಂದು ಬದಿ ಹೆಚ್ಚು ಸಾಣೆ ಹಿಡಿದು ತೂಕ ಏರುಪೇರಾದರೆ ಕೈ ನಡುಗುತ್ತದೆ, ಒಳಗಿನ ಬೇರಿಂಗ್ ಸವೆಯುತ್ತದೆ. ಸಾಣೆ ಹಿಡಿದ ಮೇಲೆ ಬ್ಲೇಡ್‌ನ ನಡುರಂಧ್ರವನ್ನು ಗೋಡೆಯ ಮೊಳೆಗೆ ತೂಗಿ ನೋಡಿ. ಎರಡೂ ಬದಿ ಸಮನಾಗಿ ನಿಲ್ಲಬೇಕು.

ಕಲ್ಲಿಗೆ ಅಥವಾ ಬೇರಿಗೆ ಬಡಿದು ಯಂತ್ರ ನಿಂತು, ಆಮೇಲೆ ಸ್ಟಾರ್ಟ್ ಆಗದಿದ್ದರೆ ಫ್ಲೈವ್ಹೀಲ್‌ನ ಸಣ್ಣ ಕೀ ತುಂಡಾಗಿರುವ ಸಾಧ್ಯತೆ ಹೆಚ್ಚು. ಅದು ಅಗ್ಗದ ಬಿಡಿಭಾಗ. ಕಾರ್ಬೊರೇಟರ್ ಬದಲಿಸಲು ಹಣ ಸುರಿಯುವ ಮೊದಲು ಅದನ್ನು ನೋಡಲು ಮೆಕ್ಯಾನಿಕ್‌ಗೆ ಹೇಳಿ.

15 ಡಿಗ್ರಿಗಿಂತ ಕಡಿದಾದ ಇಳಿಜಾರಿನಲ್ಲಿ ಲಾನ್ ಮೋವರ್ ಓಡಿಸಬೇಡಿ. ಆಯಿಲ್ ಒಂದು ಬದಿಗೆ ಸರಿದು, ಒಳಭಾಗಗಳಿಗೆ ಸಿಗದೇ ಹೋಗಬಹುದು. ಉದ್ದ ಹುಲ್ಲನ್ನು ಒಮ್ಮೆಲೇ ಬುಡಕ್ಕೆ ಕತ್ತರಿಸದೆ, ಬ್ಲೇಡ್ ಎತ್ತರಿಸಿ ಎರಡು ಸಲ ಕತ್ತರಿಸಿ.

ಮೂಲೆಗಿಡುವ ಮುನ್ನ ಇಷ್ಟು ಮಾಡಿ

ಎಂಜಿನ್ ಹೆಚ್ಚು ಹಾಳಾಗುವುದು ಓಡುವಾಗ ಅಲ್ಲ, ಸುಮ್ಮನೆ ನಿಂತಾಗ. ತಿಂಗಳಿಗಿಂತ ಹೆಚ್ಚು ಕಾಲ ಬಳಸದಿದ್ದರೆ:

1. ಟ್ಯಾಂಕ್ ಖಾಲಿ ಮಾಡಿ. ಉಳಿದ ಪೆಟ್ರೋಲ್ ಮುಗಿದು ತಾನಾಗಿ ನಿಲ್ಲುವವರೆಗೆ ಬಯಲಲ್ಲಿ ಓಡಿಸಿ. ಮುಚ್ಚಿದ ಕೋಣೆಯಲ್ಲಿ ಓಡಿಸಿದರೆ ಕಾರ್ಬನ್ ಮೊನಾಕ್ಸೈಡ್ ಪ್ರಾಣಕ್ಕೇ ಕುತ್ತು.
2. ಫೋರ್ ಸ್ಟ್ರೋಕ್ ಆದರೆ ಆಯಿಲ್ ಬದಲಿಸಿ.
3. ಪ್ಲಗ್ ತೆಗೆದು ಒಂದು ಚಮಚ ಎಂಜಿನ್ ಆಯಿಲ್ ಒಳಗೆ ಹಾಕಿ. ಪ್ಲಗ್ ರಂಧ್ರಕ್ಕೆ ಬಟ್ಟೆ ಹಿಡಿದು ಹಗ್ಗವನ್ನು ಎರಡು ಮೂರು ಸಲ ಮೆಲ್ಲಗೆ ಎಳೆಯಿರಿ.
4. ಪ್ಲಗ್ ಕೂರಿಸಿ, ಹಗ್ಗ ಬಿಗಿಯಾಗುವ ಹಂತದಲ್ಲಿ ನಿಲ್ಲಿಸಿ. ಆಗ ವಾಲ್ವ್‌ಗಳು ಮುಚ್ಚಿರುತ್ತವೆ, ತೇವ ಒಳಹೋಗುವುದಿಲ್ಲ.
5. ಒಣ ಜಾಗದಲ್ಲಿ, ಹಲಗೆಯ ಮೇಲಿಡಿ.

ಬಿಡಿಭಾಗ ಕೊಳ್ಳುವಾಗ

ಅಳತೆ ಜಾರ್, ಲಾಳಿಕೆ, ಬ್ರಷ್, ಸ್ಪಾನರ್‌ನಂಥ ಸಾಮಾನು ಬೇಗಂ ಬಜಾರ್‌ನಲ್ಲಿ ಕೊಳ್ಳಬಹುದು. ಪಂಪ್ ಮತ್ತು ಯಂತ್ರೋಪಕರಣಗಳಿಗೆ ಸಿಕಂದರಾಬಾದ್‌ನ ರಾಣಿಗಂಜ್ ಹೆಸರುವಾಸಿ. ಎಲ್ಲೇ ಹೋದರೂ ಎಂಜಿನ್ ಮೇಲಿನ ಮಾದರಿ ಸಂಖ್ಯೆಯ ಫೋಟೊ ತೆಗೆದುಕೊಂಡು ಹೋಗಿ, ಹಳೆಯ ಭಾಗವನ್ನೂ ಜೊತೆಗೊಯ್ಯಿರಿ. ನೋಡಲು ಒಂದೇ ಥರ ಇರುವ ಎರಡು ಪ್ಲಗ್‌ಗಳ ಉದ್ದ ಬೇರೆ ಇರಬಹುದು. ಉದ್ದದ ಪ್ಲಗ್ ಹಾಕಿದರೆ ಪಿಸ್ಟನ್‌ಗೆ ಬಡಿಯುತ್ತದೆ. ಪ್ಲಗ್, ಫಿಲ್ಟರ್, ಕಾರ್ಬೊರೇಟರ್ ಭಾಗಗಳಲ್ಲಿ ಅಗ್ಗದ ಮಾಲಿಗೆ ಆಸೆ ಪಡಬೇಡಿ. ಬಿಲ್ ಕೇಳಿ ಪಡೆಯಿರಿ.

ಕೊನೆಯದಾಗಿ, ಯಂತ್ರದ ಹಿಡಿಕೆಗೆ ಒಂದು ಚೀಟಿ ಕಟ್ಟಿ, ಆಯಿಲ್ ಬದಲಿಸಿದ ದಿನ ಮತ್ತು ಓಡಿಸಿದ ಗಂಟೆ ಬರೆದಿಡಿ. ಯಂತ್ರ ಬಾಡಿಗೆಗೆ ಕೊಡುವವರು, ಹಲವರ ಕೈಗೆ ಕೊಟ್ಟು ಕೆಲಸ ಮಾಡಿಸುವವರು ಇದನ್ನು ತಪ್ಪಿಸಬಾರದು. ಎಂಜಿನ್‌ನಿಂದ ಬಡಿತದ ಸದ್ದು, ನಿಲ್ಲದ ನೀಲಿ ಹೊಗೆ, ಹಗ್ಗ ಎಳೆದಾಗ ಬಿಗಿಯೇ ಇಲ್ಲದಿರುವುದು ಕಂಡುಬಂದರೆ ಮನೆಯ ಪ್ರಯೋಗ ನಿಲ್ಲಿಸಿ, ಮೆಕ್ಯಾನಿಕ್ ಬಳಿ ಒಯ್ಯಿರಿ.