ಉದ್ಯಾನದೊಳಗಿನ ಎರಡು ಪಯಣ

ನಿವೃತ್ತ ದಂಪತಿಗಳು ಮನೆಯಂಥ ವಾಹನವೇರಿ ಅಮೆರಿಕದ ಪಶ್ಚಿಮದ ರಾಷ್ಟ್ರೀಯ ಉದ್ಯಾನಗಳನ್ನು ತಿಂಗಳುಗಟ್ಟಲೆ ಸುತ್ತುವುದನ್ನು ನಾವು ಬಲ್ಲೆವು. 1872ರಲ್ಲಿ ಸ್ಥಾಪನೆಯಾದ ಯೆಲ್ಲೋಸ್ಟೋನ್‌ಗೆ ಜಾರ್ಜ್ ಮತ್ತು ಎಮ್ಮಾ ಕೋವನ್ ದಂಪತಿ 1877ರಲ್ಲೇ ಕುದುರೆಗಾಡಿಯಲ್ಲಿ ಬಂದಿದ್ದರು. ಅದೇ ಆಗಸ್ಟ್‌ನಲ್ಲಿ, ಸ್ವಂತ ನೆಲ ಕಳೆದುಕೊಂಡ ನೆಜ್ ಪರ್ಸ್ ಜನ ಬೆನ್ನಟ್ಟಿದ ಸೈನ್ಯದಿಂದ ತಪ್ಪಿಸಿಕೊಳ್ಳುತ್ತ, ಮಕ್ಕಳು ಮರಿಗಳೊಂದಿಗೆ ಆ ಕಾಡನ್ನೇ ಹಾಯುತ್ತಿದ್ದರು. ದಂಪತಿ ಅವರಿಗೆ ಸೆರೆಸಿಕ್ಕರು. ಜಾರ್ಜ್‌ಗೆ ಗುಂಡೇಟು ಬಿತ್ತು, ಆದರೂ ಬದುಕುಳಿದರು. ಎಮ್ಮಾರನ್ನು ಬಿಟ್ಟು ಕಳುಹಿಸಲಾಯಿತು. ಇಬ್ಬರೂ ಮತ್ತೆ ಕೂಡಿ ಮನೆ ಸೇರಿದರು.

ನೆಜ್ ಪರ್ಸ್ ಜನರಿಗೆ ಆ ಭಾಗ್ಯವಿರಲಿಲ್ಲ. ಕೆನಡಾ ಗಡಿ ಇನ್ನು ಸುಮಾರು 40 ಮೈಲಿ ಇರುವಾಗ, ಅಕ್ಟೋಬರ್‌ನಲ್ಲಿ, ನಾಯಕ ಜೋಸೆಫ್ ಶರಣಾದರು. ತಮ್ಮ ವಲೋವಾ ಕಣಿವೆಯಲ್ಲಿ ನೆಲೆಸಲು 1904ರಲ್ಲಿ ಸಾಯುವವರೆಗೂ ಅವರಿಗೆ ಅನುಮತಿ ಸಿಗಲಿಲ್ಲ. ಉದ್ಯಾನದ ಸೊಬಗನ್ನು ಮೆಚ್ಚುವಾಗ ಈ ದಾರಿಯನ್ನೂ ನಾವು ನೆನೆಯಬೇಕಾಗಿದೆ.