ಬಸದಿಯೊಳಗಿದ್ದ ಲೆಕ್ಕ

ಮೊನ್ನೆ ಮದುವೆಗೆಂದು ಲಾಯಿಲಕ್ಕೆ ಹೋದವನು, ಊಟ ಮುಗಿಸಿ ವೇಣೂರು ದಾರಿ ಹಿಡಿದು ಮೂಡುಬಿದಿರೆಗೆ ಹೊರಟೆ. ಸಾವಿರ ಕಂಬ ನೋಡೋಕಲ್ಲ, ಗುರು ಬಸದಿ ನೋಡೋಕೆ. ಧವಲಾದ ತಾಳೆಗರಿಗಳು ಶತಮಾನಗಳ ಕಾಲ ಇದ್ದದ್ದು ಅಲ್ಲೇ.

ಧವಲಾ ಅಂದ್ರೆ 9ನೇ ಶತಮಾನದಲ್ಲಿ ವೀರಸೇನಾಚಾರ್ಯರು ಷಟ್ಖಂಡಾಗಮಕ್ಕೆ ಬರೆದ ಟೀಕೆ. ಭಾಷೆ ಪ್ರಾಕೃತ, ಸಂಸ್ಕೃತ. ಗರಿಯ ಮೇಲಿನ ಲಿಪಿ ಹಳೆಗನ್ನಡದ್ದು. ಯಾತ್ರಿಕರು ಬರ್ತಿದ್ರು, ಕೈಮುಗಿದು ಹೋಗ್ತಿದ್ರು. ಹೊರಗಿನವರಿಗೆ ಓದೋಕೆ ಸಿಗ್ತಿರಲಿಲ್ಲ. ಕೊನೆಗೆ ಪ್ರತಿ ಮಾಡಲು ಕೂತ ಗಜಪತಿ ಉಪಾಧ್ಯಾಯರು ಗುಟ್ಟಾಗಿ ತಮಗೂ ಒಂದು ಪ್ರತಿ ಮಾಡಿಕೊಂಡರು. ತಪ್ಪು ಅಂತೀರಾ? ಅನ್ನಿ. ಆ ತಪ್ಪಿನಿಂದಲೇ ಗ್ರಂಥ ಹೊರಬಂತು, 1939ರಲ್ಲಿ ಹೀರಾಲಾಲ್ ಜೈನ್ ಅವರಿಂದ ಮೊದಲ ಸಂಪುಟ ಅಚ್ಚಾಯಿತು.

ಅದರಲ್ಲಿದ್ದ ಲೆಕ್ಕವನ್ನು ಬಿಡಿಸಿ ಹೇಳಿದವರು ಲಖನೌ ವಿಶ್ವವಿದ್ಯಾಲಯದ ಗಣಿತದ ಮೇಷ್ಟ್ರು ಅವಧೇಶ್ ನಾರಾಯಣ್ ಸಿಂಗ್. ಬಿಭೂತಿಭೂಷಣ ದತ್ತರ ಜೊತೆ ಹಿಂದೂ ಗಣಿತದ ಇತಿಹಾಸ ಬರೆದವರು. 1942ರ ನಾಲ್ಕನೇ ಸಂಪುಟದಲ್ಲಿ ಅವರ ಲೇಖನ ಇದೆ. ಅಲ್ಲಿ ಬರುತ್ತೆ ನೋಡಿ, 'ಅರ್ಧಚ್ಛೇದ'. 32ನ್ನು ಅರ್ಧ ಮಾಡ್ತಾ ಹೋಗಿ: 16, 8, 4, 2, 1. ಐದು ಸಲ. ಹಾಗಾಗಿ 32ರ ಅರ್ಧಚ್ಛೇದ 5. ಕಾಲೇಜಿನಲ್ಲಿ ನಮ್ಮನ್ನು ಗೋಳು ಹೊಯ್ದುಕೊಂಡ ಲಾಗರಿದಮ್ಮೇ ಇದು!

ಇದನ್ನು ಹೇಳಿದ್ದೇ ತಡ, ನಮ್ಮ ಸ್ಟುಡಿಯೋದಲ್ಲಿ ಒಬ್ಬರು 'ನೇಪಿಯರ್‌ಗಿಂತ ಮೊದಲೇ ನಾವು' ಅಂತ ಬ್ರೇಕಿಂಗ್ ಹಾಕೋಣ ಅಂದ್ರು. ಬೇಡ ಅಂದೆ. ನೇಪಿಯರ್ 1614ರಲ್ಲಿ ಕೊಟ್ಟದ್ದು ಗುಣಾಕಾರ ಹಗುರ ಮಾಡುವ ಕೋಷ್ಟಕ. ವೀರಸೇನರಿಗೆ ಬೇಕಿದ್ದದ್ದು ಎಣಿಕೆಗೆ ಸಿಗದ ಜೀವರಾಶಿಯನ್ನು ಲೆಕ್ಕದಲ್ಲಿ ಹಿಡಿಯೋ ದಾರಿ. ಎರಡೂ ದೊಡ್ಡ ಕೆಲಸ, ಆದರೆ ಬೇರೆ ಬೇರೆ.

ಬಸದಿ ಮುಂದೆ ನಿಂತಾಗ ನೆನಪಾದದ್ದು ಲಕ್ಷ್ಮೀಬಾಯಿ. ಗಜಪತಿಯವರ ಹೆಂಡತಿ. ಆ ಗುಟ್ಟಿನ ಪ್ರತಿ ಬರೆಯಲು ಅವರೂ ಕೈಜೋಡಿಸಿದ್ದರು.